ಸದ್ದು ಒಂದು, ಬಂದ ದಾರಿ ಬೇರೆ

ಪಾವು ಎಂದರೇನು ಎಂದು ಹಳೆ ಮೈಸೂರು ಕಡೆಯ ಅಜ್ಜಿಯೊಬ್ಬರನ್ನು ಕೇಳಿದರೆ ಸೇರಿನ ಕಾಲು ಭಾಗ ಎನ್ನುತ್ತಾರೆ. ಚಟಾಕು, ಪಾವು, ಅಚ್ಚೇರು, ಸೇರು ಎಂದು ಅಕ್ಕಿ ಬೇಳೆ ಅಳೆದು ಸಂಸಾರ ತೂಗಿಸಿದ ಕೈ ಅವರದು. ಅವರ ಮೊಮ್ಮಗಳಿಗೆ ಪಾವು ಎಂದರೆ ಸಂಜೆ ಬೀದಿಬದಿಯ ಗಾಡಿಯಲ್ಲಿ ಬೆಣ್ಣೆ ಸವರಿ, ಕಾವಲಿಯ ಮೇಲೆ ಬಿಸಿ ಮಾಡಿ, ಭಾಜಿಯ ಜೊತೆ ಕೊಡುವ ಮೆತ್ತನೆಯ ಬನ್ನು. ಪಂಪ ರನ್ನರ ಕನ್ನಡದಲ್ಲಾದರೆ ಪಾವು ಎಂದರೆ ಹಾವು.

ಈ ಮೂರು ಪಾವುಗಳಿಗೆ ಒಂದಕ್ಕೊಂದು ಯಾವ ನಂಟೂ ಇಲ್ಲ. ಮೂರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ನಡೆದು ಬಂದು ಒಂದೇ ಸದ್ದಿನಲ್ಲಿ ನಿಂತಿವೆ. ಪದಗಳ ಚರಿತ್ರೆ ಓದುವಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸುವುದು ಇಂಥ ಜಾಗಗಳೇ.

ಹಾವಿನ ಪಾವು ದ್ರಾವಿಡ ಮನೆಯದು. ತಮಿಳಿನ ಪಾಂಬು, ತೆಲುಗಿನ ಪಾಮು ಅದರ ಒಡಹುಟ್ಟುಗಳು. ಹತ್ತನೆಯ ಶತಮಾನದ ಆಸುಪಾಸಿನಿಂದ ಕನ್ನಡಿಗರ ಬಾಯಲ್ಲಿ ಪದದ ಮೊದಲಿನ ಪಕಾರ ಮೆಲ್ಲಗೆ ಹಕಾರವಾಗತೊಡಗಿತು. ಪಾಲು ಹಾಲಾಯಿತು, ಪೂವು ಹೂವಾಯಿತು, ಪಾವು ಹಾವಾಯಿತು. ಅಳತೆಯ ಪಾವಿನ ಕಥೆ ಬೇರೆ. ಅದು ಸಂಸ್ಕೃತದ ಪಾದದಿಂದ ಹೊರಟು, ಪ್ರಾಕೃತಗಳಲ್ಲಿ ನಡುವಿನ ದಕಾರವನ್ನು ಕಳೆದುಕೊಂಡು, ಉತ್ತರದ ಭಾಷೆಗಳ ಮೂಲಕ ನಮ್ಮ ಅಂಗಡಿಗಳಿಗೆ ಬಂತು. ಪಾದ ಅಳತೆಯಾದದ್ದು ಹೇಗೆ? ನಾಲ್ಕು ಕಾಲಿನ ಪ್ರಾಣಿಗೆ ಒಂದು ಕಾಲೆಂದರೆ ನಾಲ್ಕರಲ್ಲಿ ಒಂದು. ಶ್ಲೋಕದ ನಾಲ್ಕನೆಯ ಒಂದು ಭಾಗಕ್ಕೆ ಪಾದ ಎನ್ನುವುದೂ ಇದೇ ಎಣಿಕೆಯಿಂದ. ನಮ್ಮ ಕನ್ನಡವನ್ನೇ ನೋಡಿ. ನಡೆಯುವುದಕ್ಕೂ ಕಾಲು, ನಾಲ್ಕನೆಯ ಒಂದು ಭಾಗಕ್ಕೂ ಕಾಲು. ಪಾದಕ್ಕೂ ಕಾಲಿಗೂ ಸದ್ದಿನಲ್ಲಿ ಹೋಲಿಕೆಯಿಲ್ಲ, ಕುಲ ಬೇರೆ. ಆದರೂ ಎರಡೂ ಒಂದೇ ಪ್ರಾಣಿಯನ್ನು ಕಣ್ಣ ಮುಂದೆ ನಿಲ್ಲಿಸಿಕೊಂಡು ಲೆಕ್ಕ ಕಲಿತಂತಿವೆ. ಇನ್ನೊಂದು ಸಂಬಂಧ ಇದಕ್ಕಿಂತ ದೂರದ್ದು. ಸಂಸ್ಕೃತದ ಪಿತೃ ಇಂಗ್ಲಿಷಿನಲ್ಲಿ ಫಾದರ್ ಆಗಿ, ಪಂಚ ಫೈವ್ ಆಗಿ ಕಾಣುವಂತೆ, ಪಾದದ ನೆಂಟ ಅಲ್ಲಿ ಫುಟ್. ಹಾಗಾದರೆ ಅಕ್ಕಿ ಅಳೆಯುವ ಪಾವಿಗೂ ನಿವೇಶನ ಅಳೆಯುವ ಫುಟ್ಟಿಗೂ ರಕ್ತಸಂಬಂಧ. ಅಡುಗೆಮನೆಯ ಪಾವಿನ ಮೇಲೆ ಬೆರಳಿಟ್ಟಾಗ ನಾಲ್ಕೈದು ಸಾವಿರ ವರ್ಷದ ಹಿಂದಿನ ಒಂದು ಹೆಜ್ಜೆ ಬೆರಳಿಗೆ ತಾಗಿದಂತಾಗುತ್ತದೆ.

ಮೂರನೆಯ ಪಾವು ಹಡಗಿನಲ್ಲಿ ಬಂತು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಅವರ ಭಾಷೆಯಲ್ಲಿ ಬ್ರೆಡ್ಡಿನ ಹೆಸರು, ಮೂಗಿನಲ್ಲಿ ಉಲಿದರೆ, ಹೆಚ್ಚು ಕಡಿಮೆ ಪಾಂವ್. ಅದರ ತಾಯಿ ಲ್ಯಾಟಿನ್ನಿನ ಪಾನಿಸ್. ಕೊಂಕಣಿಯೂ ಮರಾಠಿಯೂ ಅದನ್ನು ತಮ್ಮದಾಗಿಸಿಕೊಂಡವು, ಅಲ್ಲಿಂದ ನಮಗೆ ಬಂತು. ಈಗಲೂ ಕೆಲವರು ನಾಲ್ಕು ಒಟ್ಟಿಗೆ ಅಂಟಿಕೊಂಡಿರುವುದರಿಂದ ಒಂದೊಂದು ಪಾವು ಎನ್ನುತ್ತಾರೆ, ಇನ್ನು ಕೆಲವರು ಹಿಟ್ಟನ್ನು ಕಾಲಿನಲ್ಲಿ ತುಳಿದು ನಾದುತ್ತಿದ್ದರು, ಅದಕ್ಕೇ ಆ ಹೆಸರು ಎನ್ನುತ್ತಾರೆ. ಎರಡೂ ನಿಜವಲ್ಲ. ಆದರೆ ಈ ಕಥೆಗಳನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಒಂದೇ ಸದ್ದಿನ ಎರಡು ಪದ ಸಿಕ್ಕರೆ ನಡುವೆ ಒಂದು ಕಥೆ ಕಟ್ಟದೆ ಮನುಷ್ಯನಿಗೆ ಸಮಾಧಾನವಿಲ್ಲ. ಕಿವಿ ಹುಟ್ಟಿನಿಂದಲೇ ನೆಂಟರನ್ನು ಹುಡುಕುತ್ತದೆ.

ಅದೇ ಪೋರ್ಚುಗೀಸರು 1543ರಲ್ಲಿ ಜಪಾನಿನ ದಡ ಮುಟ್ಟಿದರು. ಜಪಾನೀಯರು ಬ್ರೆಡ್ಡಿಗೆ ಈಗಲೂ ಪಾನ್ ಎನ್ನುತ್ತಾರೆ. ಅದು ಪೋರ್ಚುಗೀಸರೇ ಕೊಟ್ಟ ಮಾತು, ನಮ್ಮ ಪಾವಿನ ಖಾಸಾ ತಂಗಿ. ಇಷ್ಟು ಗೊತ್ತಾದ ಮೇಲೆ ಜಪಾನೀಯರು ಕೃತಜ್ಞತೆ ಹೇಳುವ ಅರಿಗತೋ ಎಂಬ ಮಾತನ್ನೂ ಪೋರ್ಚುಗೀಸರ ಒಬ್ರಿಗಾದೊ ಎಂಬ ಮಾತನ್ನೂ ಅಕ್ಕಪಕ್ಕ ಇಟ್ಟರೆ ಯಾರಿಗೆ ಸಂಶಯ ಬರುತ್ತದೆ? ಅರ್ಥ ಒಂದೇ, ಸದ್ದು ಹತ್ತಿರ, ಕೊಡುಕೊಳೆಗೆ ಚರಿತ್ರೆಯ ಸಾಕ್ಷಿಯೂ ಇದೆ. ಆದರೂ ಅವೆರಡೂ ಅಪರಿಚಿತರು. ಅರಿಗತೋ ಜಪಾನೀ ಭಾಷೆಯೊಳಗೇ ಹುಟ್ಟಿದ್ದು. ಇರುವುದಕ್ಕೆ ಕಷ್ಟವಾದದ್ದು, ಅಂದರೆ ಅಪರೂಪದ್ದು ಎಂಬ ಅರ್ಥದ ಹಳೆಯ ಮಾತು ಕೃತಜ್ಞತೆಯ ಮಾತಾಗಿ ಬೆಳೆಯಿತು. ಪೋರ್ಚುಗೀಸರ ಹಡಗು ಕಾಣುವುದಕ್ಕೆ ಎಷ್ಟೋ ಶತಮಾನ ಮೊದಲೇ ಅದರ ಮೂಲರೂಪ ಜಪಾನಿನಲ್ಲಿತ್ತು. ಇಂಗ್ಲಿಷಿನ ಬ್ಯಾಡ್, ಪಾರಸಿಯ ಬದ್ ಕೂಡ ಹೀಗೆಯೇ. ನಮ್ಮ ಬದ್ಮಾಷ್‌ನಲ್ಲಿರುವ ಬದ್ ಅದು. ಎರಡಕ್ಕೂ ಕೆಟ್ಟದ್ದು ಎಂದೇ ಅರ್ಥ, ಎರಡೂ ಇಂಡೋ-ಯುರೋಪಿಯನ್ ಬಳಗದ ಭಾಷೆಗಳಲ್ಲೇ ಇವೆ, ಆದರೆ ಬೇರು ಬೇರೆ.

ಹೊರಗೆ ಹೋಗುವುದೇಕೆ, ಹರಿ ಎಂಬ ಎರಡಕ್ಷರ ಸಾಕು. ಸಂಸ್ಕೃತದಲ್ಲಿ ಅದು ಮೊದಲಿಗೆ ಹೊಂಬಣ್ಣ. ಆಮೇಲೆ ಕುದುರೆ, ಸಿಂಹ, ಕಪಿ, ವಿಷ್ಣು. ಕನ್ನಡದಲ್ಲಿ ನದಿ ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ. ಇಂದು ಈ ಎರಡು ಕ್ರಿಯೆಗಳನ್ನು ಒಂದೇ ಕಾಗುಣಿತದಲ್ಲಿ ಬರೆಯುತ್ತೇವೆ. ಹಳಗನ್ನಡದಲ್ಲಿ ನದಿಯದು ಪರಿ, ಬಟ್ಟೆಯದು ಪಱಿ. ಆ ಎರಡನೆಯ ಱಕಾರ ಬೇರೆಯದೇ ದನಿ. ಅದು ಸವೆದು ಸಾಮಾನ್ಯ ರಕಾರದಲ್ಲಿ ಸೇರಿಹೋಯಿತು, ಪಕಾರ ಹಕಾರವಾಯಿತು, ಹೀಗೆ ಎರಡು ಮಾತು ಒಂದಾಗಿ ಕೇಳಿಸತೊಡಗಿದವು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ನಿಘಂಟನ್ನು ತೆರೆದರೆ ಹೀಗೆ ಬೆರೆತುಹೋದ ಪದಗಳನ್ನು ಅವರು ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಬೇರ್ಪಡಿಸಿರುವುದು ಕಾಣುತ್ತದೆ. ಆ ಸಣ್ಣ ಅಂಕಿಗಳ ಮೇಲೆ ನನಗೆ ತುಂಬ ಗೌರವ. ಒಂದೇ ಹೆಸರಿನವರನ್ನೆಲ್ಲ ಒಬ್ಬರೇ ಎಂದುಕೊಳ್ಳದೆ ಪ್ರತಿಯೊಬ್ಬರ ತಾಯಿ ಯಾರೆಂದು ವಿಚಾರಿಸಿದ ಸೌಜನ್ಯ ಅಲ್ಲಿದೆ. ಕಿಟ್ಟೆಲರಿಗಿಂತ ಆರು ಶತಮಾನ ಹಿಂದೆ, ಹದಿಮೂರನೆಯ ಶತಮಾನದಲ್ಲಿ, ಕೇಶಿರಾಜ ಇಂಥದೇ ಕೆಲಸ ಮಾಡಿದ್ದ. ೞಕಾರವನ್ನು ಎಲ್ಲಿ ಬರೆಯಬೇಕು, ಳಕಾರವನ್ನು ಎಲ್ಲಿ ಬರೆಯಬೇಕು ಎಂದು ಶಬ್ದಮಣಿದರ್ಪಣದಲ್ಲಿ ಪದಗಳನ್ನು ಹೆಕ್ಕಿ ತೋರಿಸಿದ. ಆ ವೇಳೆಗಾಗಲೇ ಜನರ ಮಾತಿನಲ್ಲಿ ೞ ಮರೆಯಾಗುತ್ತಿತ್ತು. ನಾಲಗೆಯಿಂದ ಜಾರಿದ್ದನ್ನು ಓಲೆಯ ಮೇಲಾದರೂ ಉಳಿಸಬೇಕೆಂಬ ಕಳಕಳಿ ಆ ಪಟ್ಟಿಯಲ್ಲಿ ನನಗೆ ಕೇಳಿಸುತ್ತದೆ.

ಹೋದ ೞಕಾರ ನಿಜವಾಗಿ ಎಲ್ಲಿಗೂ ಹೋಗಲಿಲ್ಲ, ಮನೆ ಮನೆಗೆ ಬೇರೆ ಬೇರೆ ರೂಪ ತಳೆಯಿತು. ತಮಿಳಿನಲ್ಲಿ ಇಂದಿಗೂ ಕೋೞಿ. ಕನ್ನಡದಲ್ಲಿ ಕೋಳಿ. ತುಳುವಿನಲ್ಲಿ ಕೋರಿ, ಕರಾವಳಿಯ ಕೋರಿ ರೊಟ್ಟಿ ತಿಂದವರಿಗೆಲ್ಲ ಗೊತ್ತು. ತೆಲುಗಿನಲ್ಲಿ ಕೋಡಿ. ತುಂಬಿದ ಕೆರೆಯ ನೀರು ಹೊರಬೀಳುವ ಜಾಗಕ್ಕೆ ನಾವು ಕೋಡಿ ಎನ್ನುತ್ತೇವೆ. ಕೋಲಾರ, ಪಾವಗಡದ ಕಡೆ ಎರಡು ಭಾಷೆಗಳೂ ಒಂದೇ ಬೀದಿಯಲ್ಲಿ ಓಡಾಡುತ್ತವೆ. ಅಲ್ಲಿ ಕೋಡಿ ಎಂದು ಕೇಳಿದವರು ಕೆರೆಯ ಕಡೆ ನೋಡಬೇಕೋ ಅಂಗಳದ ಕಡೆಯೋ ಎಂಬುದನ್ನು ಮುಂದಿನ ಮಾತು ಹೇಳಬೇಕು. ಕೆರೆಯ ಕೋಡಿ ಕೋಳಿಯಂತೆ ಏನೂ ಕೇಳಿಸದಿದ್ದರೂ ತೆಲುಗಿನ ಕೋಡಿಯಂತೆ ಅಕ್ಷರ ಅಕ್ಷರವೂ ಇದೆ, ಅದರ ನೆಂಟನಲ್ಲ. ತುಳುವಿನ ಕೋರಿ ನಮ್ಮ ಕೋರಿಕೆಯ ಕೋರಿಯಂತಿದೆ, ಅದೂ ನೆಂಟನಲ್ಲ. ನೆಂಟಸ್ತಿಕೆ ಇರುವುದು ಬದಲಾವಣೆಯ ನಿಯಮದಲ್ಲಿ. ಕೋಳಿಗೆ ಕೋಡಿ ಹೇಗೋ ಹಾಗೆ ನಮ್ಮ ಏಳಕ್ಕೆ ಅವರ ಏಡು, ನಮ್ಮ ಹಾಳಿಗೆ ಅವರ ಪಾಡು. ಒಂದು ಸಲ ಆದದ್ದು ಆಕಸ್ಮಿಕ ಇರಬಹುದು. ಮತ್ತೆ ಮತ್ತೆ ಅದೇ ಜಾಗದಲ್ಲಿ ಅದೇ ಬದಲಾವಣೆ ಆದರೆ ಅದು ವಂಶಾವಳಿ.

ಹರಿಯ ಮಾತು ಇನ್ನೂ ಒಂದಿದೆ. ಮಲಯ ಭಾಷೆಯಲ್ಲಿ ಹರಿ ಎಂದರೆ ದಿನ. ಆ ಭಾಷೆಗೆ ಸಂಸ್ಕೃತದ ಋಣ ದೊಡ್ಡದು. ಭಾಷೆಗೆ ಬಹಾಸ, ಭೂಮಿಗೆ ಬುಮಿ, ಮೇಷ್ಟರಿಗೆ ಗುರು. ಅಷ್ಟು ಕಂಡ ಮೇಲೆ ಹರಿಯೂ ನಮ್ಮದೇ ಎಂದುಕೊಳ್ಳಲು ಮನಸ್ಸು ತುದಿಗಾಲಲ್ಲಿ ನಿಲ್ಲುತ್ತದೆ. ಆದರೆ ಅದು ಅವರದೇ ಆಸ್ಟ್ರೊನೇಷಿಯನ್ ಬಳಗದ ಮಾತು. ಮಾತಾ ಎಂದರೆ ಅಲ್ಲಿ ಕಣ್ಣು. ದಿನದ ಕಣ್ಣು, ಮಾತಾಹರಿ, ಎಂದರೆ ಸೂರ್ಯ. ನಮ್ಮ ಕಿವಿಗೆ ತಾಯಿಯೂ ವಿಷ್ಣುವೂ ಸೇರಿದಂತೆ ಕೇಳುವ ಪದದೊಳಗೆ ಅವರು ಹಗಲಿಗೊಂದು ಕಣ್ಣಿಟ್ಟಿದ್ದಾರೆ. ಇಂದಿನ ಗ್ರೀಕಿನಲ್ಲೂ ಕಣ್ಣಿಗೆ ಮಾತಿ ಎನ್ನುತ್ತಾರೆ. ಹಳೆಯ ಗ್ರೀಕಿನ ಒಮ್ಮಾತಿಯೋನ್ ಸವೆದು ಉಳಿದ ರೂಪ ಅದು. ಮಲಯದ ಮಾತಾ ಸಾಗರಗಳ ಮೇಲೆ ದ್ವೀಪದಿಂದ ದ್ವೀಪಕ್ಕೆ ಹರಡಿದ ರೂಪ. ಎರಡೂ ಕಡೆ ಕಣ್ಣೇ.

ಒಂದೇ ತಾಯಿಯ ಮಕ್ಕಳು ಊರೂರಿಗೆ ಹೋಗಿ ಬೇರೆಯವರೇ ಆಗುವುದು ಇದರ ಇನ್ನೊಂದು ಮಗ್ಗುಲು. ಸಂಸ್ಕೃತದ ಉಪನ್ಯಾಸ ನಮ್ಮಲ್ಲಿ ಭಾಷಣ, ಹಿಂದಿಯಲ್ಲಿ ಕಾದಂಬರಿ. ಆ ಕಾದಂಬರಿಯೋ ಬಾಣನ ನಾಯಕಿಯ ಹೆಸರು. ನಮ್ಮ ಚೇಷ್ಟೆ ಬಂಗಾಳಿಯಲ್ಲಿ ಪ್ರಯತ್ನ, ನಮ್ಮ ರಾಗ ಅಲ್ಲಿ ಕೋಪ. ನ್ಯಾಯಶಾಸ್ತ್ರದಲ್ಲಿ ಹೊಗೆ ಕಂಡು ಬೆಂಕಿಯನ್ನು ಖಚಿತಪಡಿಸಿಕೊಳ್ಳುವ ಅನುಮಾನ ನಮ್ಮ ಬಾಯಲ್ಲಿ ಖಚಿತವಲ್ಲದ್ದರ ಹೆಸರಾಗಿದೆ. ಸಂಸಾರ ಎಂದರೆ ಜನ್ಮಗಳ ಸುತ್ತಾಟ. ಅದು ಕನ್ನಡಕ್ಕೆ ಬಂದು ಹೆಂಡತಿ ಮಕ್ಕಳಾಯಿತು, ಮಲಯಾಳಕ್ಕೆ ಹೋಗಿ ಮಾತುಕತೆಯಾಯಿತು. ನಮ್ಮ ವಿಚಾರ ಮಲಯ ಭಾಷೆಯಲ್ಲಿ ಬಿಚಾರ ಆಗಿ, ಅದಕ್ಕೂ ಮಾತಾಡು ಎಂದೇ ಅರ್ಥ. ಮಾತಿನ ಕಡೆಗೆ ಎಲ್ಲವೂ ಹೇಗೆ ಹರಿದು ಸೇರುತ್ತವೆ ಎಂದು ಬೆರಗಾಗುತ್ತೇನೆ.

ಇವುಗಳಲ್ಲಿ ನನ್ನನ್ನು ಬಹಳ ಕಾಡಿರುವುದು ಶಿಕ್ಷೆ. ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ. ಕನ್ನಡ, ತೆಲುಗು, ಮರಾಠಿಗಳಲ್ಲಿ ದಂಡನೆ. ವಿದ್ಯೆಗೆ ನಾವು ಶಿಕ್ಷಣ ಎಂದು ಇನ್ನೊಂದು ರೂಪವನ್ನು ಇಟ್ಟುಕೊಂಡೆವು. ಬೇರನ್ನು ನೋಡಿದರೆ ಅದು ಶಕ್ ಧಾತು. ಶಕ್ತಿ, ಶಕ್ಯ ಹುಟ್ಟಿದ್ದು ಅದರಿಂದಲೇ. ಅದರ ಇಚ್ಛಾರೂಪ ಶಿಕ್ಷ್. ತನ್ನಿಂದ ಆಗಲಿ ಎಂದು ಬಯಸುವುದು, ಬಲ್ಲವನಾಗಲು ಹಂಬಲಿಸುವುದು. ಉಚ್ಚಾರಣೆಯನ್ನು ಕಲಿಸುವ ವೇದಾಂಗಕ್ಕೆ ಶಿಕ್ಷಾ ಎಂದು ಹೆಸರು, ತೈತ್ತಿರೀಯ ಉಪನಿಷತ್ತಿನ ಮೊದಲ ಭಾಗ ಶೀಕ್ಷಾವಲ್ಲಿ. ಅಂಥ ಹಂಬಲದ ಮಾತು ಗುರುವಿನ ಕೈಯ ಬೆತ್ತದ ಹೆಸರಾಗುವ ಮುಂಚೆ ಎಷ್ಟು ಮಕ್ಕಳ ಅಂಗೈ ಕೆಂಪಾಗಿರಬೇಕು! ಅರ್ಥಗಳು ನಿಘಂಟುಕಾರರ ಮೇಜಿನ ಮೇಲೆ ಬದಲಾಗುವುದಿಲ್ಲ. ಶಾಲೆಯ ಜಗಲಿಗಳಲ್ಲಿ, ಒಲೆಯ ಮುಂದೆ, ಸಂತೆಯಲ್ಲಿ ಬದಲಾಗುತ್ತವೆ.

ಘಟ್ಟ ಇಳಿದರೆ ಇನ್ನೂ ಆಳದ ಒಂದು ಬೆರಗು ಕಾದಿದೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಅಮ್ಮೆ ಎಂದರೆ ತಂದೆ. ಮಲೆನಾಡಿನವರಿಗೆ ಅಪ್ಪೆ ಎಂದರೆ ಉಪ್ಪಿನಕಾಯಿಯ ಮಿಡಿಮಾವು, ಆಗುಂಬೆಯ ತಿರುವುಗಳನ್ನು ಇಳಿದ ಮೇಲೆ ಅದೇ ಸದ್ದಿಗೆ ತಾಯಿ ಓಗೊಡುತ್ತಾಳೆ. ನಮ್ಮ ಅಪ್ಪ ಅಮ್ಮಂದಿರು ಅಲ್ಲಿ ಜಾಗ ಬದಲಿಸಿಕೊಂಡಂತಿದ್ದಾರೆ. ಕಪ್ಪು ಸಮುದ್ರದ ಪೂರ್ವಕ್ಕಿರುವ ಜಾರ್ಜಿಯಾದಲ್ಲೂ ಹೀಗೆ. ಅಲ್ಲಿ ತಂದೆಗೆ ಮಾಮಾ, ತಾಯಿಗೆ ದೇದಾ. ಕೊರಿಯಾದ ಮಕ್ಕಳು ತಂದೆಯನ್ನು ಅಪ್ಪಾ ಎಂದು ಕರೆಯುವುದನ್ನು ಕೇಳಿ ನಮ್ಮವರು ಪುಳಕಗೊಳ್ಳುತ್ತಾರೆ, ಪ್ರಾಚೀನ ನಂಟೊಂದನ್ನು ಊಹಿಸುತ್ತಾರೆ. ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ 1960ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಇದಕ್ಕೆ ಕೊಟ್ಟ ವಿವರಣೆ ಸರಳವಾದದ್ದು. ಎಳೆಗೂಸಿಗೆ ಮೊದಲು ಒಲಿಯುವುದು ತುಟಿಯ ದನಿಗಳು. ಪಕಾರ, ಬಕಾರ, ಮಕಾರ. ಹಾಲು ಕುಡಿಯುವಾಗ ಬಾಯಿ ಮುಚ್ಚಿದ್ದರೂ ಮೂಗಿನಿಂದ ಹೊರಡುವ ಗುನುಗು ಮಕಾರವೇ. ಕೂಸು ಸುಮ್ಮನೆ ಉಲಿಯುತ್ತದೆ. ತೊಟ್ಟಿಲ ಮೇಲೆ ಬಾಗಿದವರು ಇದು ನನ್ನ ಹೆಸರು ಎಂದು ಎತ್ತಿಕೊಳ್ಳುತ್ತಾರೆ.

ಇಲ್ಲಿರುವುದು ವಂಶದ ನಂಟೂ ಅಲ್ಲ, ಬರೀ ಆಕಸ್ಮಿಕವೂ ಅಲ್ಲ. ಮೈಯೇ ಕೊಟ್ಟ ಹೋಲಿಕೆ ಅದು. ಜಗತ್ತಿನ ಎಲ್ಲ ಕೂಸುಗಳ ತುಟಿ ಒಂದೇ ರೀತಿ ಇದೆ. ಅದರಿಂದ ಬಂದ ದನಿ ಯಾರಿಗೆ ಸೇರಿದ್ದು ಎಂಬುದನ್ನು ಮಾತ್ರ ಒಂದೊಂದು ನಾಡು ಒಂದೊಂದು ರೀತಿ ತೀರ್ಮಾನಿಸಿದೆ. ತುಳುನಾಡಿನ ತಾಯಿ ಪಕಾರಕ್ಕೆ ಓಗೊಟ್ಟಳು, ಅಷ್ಟೆ. ಇದನ್ನು ತಿಳಿದ ಮೇಲೆ ಯಾವ ಮನೆಯಲ್ಲಿ ಎಳೆ ಮಗು ಗುನುಗಿದರೂ ನಾನು ನಿಂತು ಕೇಳುತ್ತೇನೆ. ಇನ್ನೂ ಯಾರದೂ ಆಗಿರದ ಸದ್ದು ಅದು.

ನಂಟಿಗಾಗಿ ಹಂಬಲಿಸುವ ಕಿವಿ ದೊಡ್ಡವರನ್ನೂ ಬಿಟ್ಟಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಪಪೈರಸ್ ಒಂದರಲ್ಲಿ ಎರಡನೆಯ ಶತಮಾನದ ಗ್ರೀಕ್ ಪ್ರಹಸನವಿದೆ. ಕರಿತಿಯೋನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲತೀರದಲ್ಲಿ ಸೆರೆಯಾಗಿದ್ದಾಳೆ. ಅಲ್ಲಿನ ಅರಸನೂ ಪರಿವಾರವೂ ಗ್ರೀಕಲ್ಲದ ಯಾವುದೋ ಮಾತು ಆಡುತ್ತಾರೆ. ಶಾಸನತಜ್ಞ ಹುಲ್ಟ್ಜ್ ಅವರಿಗೆ ಅದರಲ್ಲಿ ಕನ್ನಡ ಕೇಳಿಸಿತು. ಶಾಮಶಾಸ್ತ್ರಿಗಳಿಗೂ ಗೋವಿಂದ ಪೈಗಳಿಗೂ ಕೇಳಿಸಿತು. ಮುಂದೆ ತುಳು ವಿದ್ವಾಂಸರಿಗೆ ತುಳು ಕೇಳಿಸಿತು. ಯಾವ ಭಾಷೆಯೂ ಅಲ್ಲ, ರಂಗದ ಮೇಲಿನ ಬರೀ ಗದ್ದಲ ಎಂದವರೂ ಇದ್ದಾರೆ. ಎರಡನೆಯ ಶತಮಾನದ ಕಡಲತೀರದಿಂದ ನಮ್ಮ ಮಾತು ಕೇಳಿಬರಲಿ ಎಂಬ ಆಸೆ ನನ್ನೊಳಗೂ ಬಲವಾಗಿದೆ, ಅದನ್ನು ಮರೆಮಾಚುವುದಿಲ್ಲ. ಆದರೆ ಗ್ರೀಕರ ಕಿವಿ ಹಿಡಿದದ್ದನ್ನು ಗ್ರೀಕ್ ಲಿಪಿ ಬರೆದು, ನಕಲುಗಾರರು ತಿದ್ದಿದ ಅಕ್ಷರಗಳಲ್ಲಿ ಬಿಡಿ ಬಿಡಿ ಸದ್ದುಗಳಷ್ಟೇ ಉಳಿದಿವೆ. ಬಿಡಿ ಸದ್ದಿಗೆ ಯಾವ ಭಾಷೆಯಲ್ಲೂ ಹೋಲಿಕೆ ಸಿಗುತ್ತದೆ. ಕೋಳಿ, ಕೋಡಿ, ಕೋರಿಗಳಂತೆ ನಿಯಮವಾಗಿ ಮರಳಿ ಮರಳಿ ಬರುವಷ್ಟು ಸಾಮಗ್ರಿ ಅಲ್ಲಿಲ್ಲ. ಆಸೆಯನ್ನು ಇಟ್ಟುಕೊಂಡೇ ಕಾಯುವುದು ಆ ಹಿರಿಯರಿಗೆ ಸಲ್ಲಿಸುವ ಗೌರವ ಎಂದು ನನಗನ್ನಿಸುತ್ತದೆ.

ಕಾಯುವುದರಲ್ಲಿ ನಷ್ಟವಿಲ್ಲ. ನಿಯಮ ಹಿಡಿದು ಹೋದವರಿಗೆ ಸಿಗುವ ನೆಂಟರು ಕಿವಿ ಊಹಿಸಲಾರದಷ್ಟು ವಿಚಿತ್ರ. ಆರ್ಮೇನಿಯನ್ ಭಾಷೆಯಲ್ಲಿ ತಂದೆಗೆ ಹಾಯ್ರ್, ಐದಕ್ಕೆ ಹಿಂಗ್. ಪಿತೃ, ಪಂಚ ಎಂಬವುಗಳ ಸೋದರರೂಪಗಳು ಇವು. ಪಾಲನ್ನು ಹಾಲು ಮಾಡಿದ ಕನ್ನಡಿಗರಂತೆಯೇ ಆ ಬೆಟ್ಟಗಳ ಜನರೂ ಪಕಾರವನ್ನು ಹಕಾರ ಮಾಡಿದರು, ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದೆ. ಅವರ ಭಾಷೆಯಲ್ಲಿ ಎರಡಕ್ಕೆ ಎರ್ಕು. ಕನ್ನಡದ ಎರಡು ಅದರ ಪಕ್ಕ ನಿಂತರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಎರ್ಕುವಿನ ನಿಜವಾದ ಒಡಹುಟ್ಟು ಸಂಸ್ಕೃತದ ದ್ವಿ. ಒಂದೇ ಒಂದು ದನಿಯೂ ಹೋಲುವುದಿಲ್ಲ. ಮೂಲದ ದ್ವ ಆರ್ಮೇನಿಯನ್‌ನಲ್ಲಿ ರ್ಕ ಆಗಿ, ಉಲಿಯಲು ಸುಲಭವಾಗಲೆಂದು ಮುಂದೆ ಎಕಾರ ಸೇರಿಕೊಂಡಿತು. ಆ ಭಾಷೆಯ ಬೇರೆ ಕೆಲವು ಪದಗಳಲ್ಲೂ ಇದೇ ಬದಲಾವಣೆ ಇದೆ, ಅದಕ್ಕೇ ವಿದ್ವಾಂಸರು ಒಪ್ಪಿದ್ದು.

ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕ್ವೀನ್ಸ್‌ಲ್ಯಾಂಡಿನಲ್ಲಿ 1960ರ ದಶಕದಲ್ಲಿ ಭಾಷಾವಿಜ್ಞಾನಿ ಡಿಕ್ಸನ್ ಅಳಿಯುತ್ತಿದ್ದ ಮೂಲನಿವಾಸಿ ಭಾಷೆಗಳನ್ನು ಬರೆದುಕೊಳ್ಳುತ್ತ ತಿರುಗುತ್ತಿದ್ದರು. ಮ್ಬಬರಮ್ ಎಂಬ ಭಾಷೆ ಬಲ್ಲ ಕೊನೆಯವರಲ್ಲಿ ಒಬ್ಬರಾದ ಆಲ್ಬರ್ಟ್ ಬೆನೆಟ್ ಎಂಬ ಹಿರಿಯರನ್ನು ಕಂಡರು. ನಾಯಿಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೆ? ಡಾಗ್. ಅದು ಇಂಗ್ಲಿಷಿನಿಂದ ಬಂದದ್ದಲ್ಲ. ನೆರೆಯ ಯಿದಿಞ್ ಭಾಷೆಯಲ್ಲಿ ನಾಯಿ ಗುದಗ. ಮ್ಬಬರಮ್ ಮಾತಾಡುವವರು ಪದಗಳ ಮೊದಲ ಭಾಗವನ್ನು ಉದುರಿಸುತ್ತ ಬಂದಿದ್ದರು, ಹೊಟ್ಟೆಗೆ ಬಂಬ ಎಂದಿದ್ದದ್ದು ಅವರಲ್ಲಿ ಮ್ಬ ಆಗಿ ಉಳಿದಿತ್ತು. ಅದೇ ನಿಯಮದಲ್ಲಿ ಗುದಗದ ತಲೆಯೂ ಕೊನೆಯ ಸ್ವರವೂ ಹೋಗಿ, ನಡುವಿನ ಅಕಾರ ಒಕಾರವಾಗಿ, ಡಾಗ್ ಉಳಿಯಿತು. ಇಂಗ್ಲಿಷರು ಆ ಖಂಡಕ್ಕೆ ಕಾಲಿಟ್ಟಾಗ ತಮ್ಮದೇ ಮಾತು ಅಲ್ಲಿ ಮೊದಲೇ ಬಂದು ಕೂತಿತ್ತು, ಬೇರೆ ದಾರಿಯಲ್ಲಿ.

ಇಂಗ್ಲಿಷಿನಲ್ಲಿ ನಾಯಿಗೆ ಹಳೆಯ ಮಾತು ಹೌಂಡ್. ನಮ್ಮ ಶ್ವಾನದೊಡನೆ ಅದಕ್ಕೆ ಕುಲಸಂಬಂಧವಿದೆ, ಕಿವಿಗೆ ಮಾತ್ರ ಅದು ತಿಳಿಯದು. ಡಾಗ್ ಆಮೇಲೆ ಬಂದದ್ದು. ಹಳೆಯ ಇಂಗ್ಲಿಷಿನ ಕೊನೆಯ ಕಾಲದಲ್ಲಿ ದೊಗ್ಗ ಎಂಬ ರೂಪದಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಕಾಣಿಸಿಕೊಂಡು, ಹೌಂಡನ್ನು ಬೇಟೆನಾಯಿಯ ಮೂಲೆಗೆ ಸರಿಸಿ ಮನೆಯನ್ನೆಲ್ಲ ಆಕ್ರಮಿಸಿತು. ಜರ್ಮನ್, ಡಚ್ ಮೊದಲಾದ ಅಕ್ಕಪಕ್ಕದ ಭಾಷೆಗಳಲ್ಲಿ ಅದಕ್ಕೆ ಹುಟ್ಟಿನಿಂದ ಬಂದ ಒಡಹುಟ್ಟುಗಳಿಲ್ಲ. ಲಿಪಿಯಿಲ್ಲದ, ಕೆಲವೇ ಮುದುಕರ ನೆನಪಿನಲ್ಲಿ ಉಳಿದಿದ್ದ ಮ್ಬಬರಮ್ ಭಾಷೆಯ ಡಾಗ್‌ಗೆ ಅಜ್ಜ ಯಾರು, ಮುತ್ತಜ್ಜ ಯಾರು ಎಂದು ವಿದ್ವಾಂಸರು ಹೆಜ್ಜೆ ಹೆಜ್ಜೆಯಾಗಿ ತೋರಿಸಬಲ್ಲರು. ಜಗತ್ತಿನ ಮಕ್ಕಳೆಲ್ಲ ಅಕ್ಷರಮಾಲೆಯ ಪುಸ್ತಕದಲ್ಲಿ ಓದುವ ಇಂಗ್ಲಿಷಿನ ಡಾಗ್ ಎಲ್ಲಿಂದ ಬಂತೆಂದು ಈವರೆಗೆ ಯಾರೂ ತೋರಿಸಿಲ್ಲ.